ಎಕ್ಸೆಲ್ ಎಡವಟ್ಟು: ಬಯಾಲಜಿ, ಕಂಪ್ಯೂಟರ್ ವಿದ್ಯಾರ್ಥಿಗಳು ಜೊತೆಗೆ ಕಲಿಯಬೇಕಾದ್ದು ಇದನ್ನೇ

ಅಂಗಡಿ ಲೆಕ್ಕಕ್ಕೆ ಬಳಸೋ ಎಕ್ಸೆಲ್‌ನಲ್ಲಿ ಇಂಗ್ಲಿಷಲ್ಲಿ 'ಮಾರ್ಚ್1' ಅಂತ ಹೊಡೆದ್ರೆ ಅದು ತಾರೀಖಾಗಿಬಿಡುತ್ತೆ. ತೊಂದರೆ ಏನಂದ್ರೆ, ಮನುಷ್ಯನ ಒಂದು ಜೀನ್‌ಗೂ ಅದೇ ಹೆಸರಿತ್ತು. 2004ರಲ್ಲೇ ವಿಜ್ಞಾನಿಗಳು ಎಚ್ಚರಿಸಿದ್ದರು. ಆದರೂ 2016ರಲ್ಲಿ ಹುಡುಕಿದಾಗ, ಎಕ್ಸೆಲ್ ಜೀನ್ ಪಟ್ಟಿ ಇದ್ದ ಸಂಶೋಧನಾ ಪ್ರಬಂಧಗಳ ಪೈಕಿ ಸುಮಾರು ಐದರಲ್ಲಿ ಒಂದಕ್ಕೆ ಇಂಥ ತಪ್ಪು ಅಂಟಿತ್ತು. ಕೊನೆಗೆ 2020ರ ಹೊತ್ತಿಗೆ ಜೀನ್‌ಗಳ ಹೆಸರನ್ನೇ ಬದಲಿಸಬೇಕಾಯ್ತು.

ಇವೆಲ್ಲ ಪ್ರಕಟಣೆಗೆ ಮುಂಚೆ ತಜ್ಞರು ಪರಿಶೀಲಿಸಿದ ಪ್ರಬಂಧಗಳೇ. ಬಯಾಲಜಿ ಮಾತ್ರ ಓದಿದವರಿಗೆ ಸಾಫ್ಟ್‌ವೇರ್ ಮಾಡಿದ ಬದಲಾವಣೆ ಕಾಣದೇ ಹೋಗಬಹುದು. ಕಂಪ್ಯೂಟರ್ ಮಾತ್ರ ಗೊತ್ತಿದ್ದವರಿಗೆ ಅಲ್ಲಿ ಜೀನ್ ಇರಬೇಕಿತ್ತು ಅಂತ ಹೊಳೆಯದಿರಬಹುದು. ಹಾಗಾಗಿ ಎಂಎಸ್ಸಿ, ಪಿಎಚ್‌ಡಿ ಹಂತದಲ್ಲೇ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಪ್ರಬಂಧ ಪರಿಶೀಲನೆ ಕಲಿಸೋದು ಅಗತ್ಯ. ಬಯೋಇನ್ಫರ್ಮ್ಯಾಟಿಕ್ಸ್ ಸೀಟಿಗೆ ಬೆಂಗಳೂರಿಗೆ ಮಕ್ಕಳನ್ನು ಕಳಿಸೋ ಪೋಷಕರು ಫೀಸು, ಹಾಸ್ಟೆಲ್ ಜೊತೆಗೆ ಇದನ್ನೂ ಕೇಳಿ ನೋಡಬೇಕು.