ಬೇವಾರಸು ಡಬ್ಬಿ

ಚೆಂಬೂರು ಸ್ಟೇಷನ್ನಿನಲ್ಲಿ ಹಾರ್ಬರ್ ಲೈನಿನ ಗಾಡಿಗಾಗಿ ಕಾದು ನಿಂತವರಿಗೆಲ್ಲ ಒಂದು ಎಚ್ಚರಿಕೆ ಬಾಯಿಪಾಠವಾಗಿರುತ್ತದೆ: ಬೇವಾರಸು ವಸ್ತು ಕಂಡರೆ ಮುಟ್ಟಬೇಡಿ, ಪೊಲೀಸರಿಗೆ ತಿಳಿಸಿ. ಮರಾಠಿಯಲ್ಲಿ 'ಬೇವಾರಸ್' ಅಂದರೆ ವಾರಸುದಾರರಿಲ್ಲದ್ದು, ಅಷ್ಟೇ. ನಮ್ಮ ಊರ ಕಡೆ ಅದೇ ಮಾತು ಬೈಗುಳ. ಹಾಗಾಗಿ ಅದನ್ನು ಕೇಳಿದಾಗಲೆಲ್ಲ ಯಾರೋ ನಮಗೇ ಬೈದ ಹಾಗಾಗುತ್ತದೆ. ಈ ಲೇಖನ ಅಂಥದೇ ಒಂದು ಡಬ್ಬಿಯನ್ನು ಕುರಿತದ್ದು. ಓದುಗ ಮಿತ್ರರು ಗಾಬರಿಯಾಗಬಾರದು.

ಜಿಯೋಕ್ಯಾಚಿಂಗ್ ಅಂತ ಒಂದು ಹವ್ಯಾಸವಿದೆ. ಒಬ್ಬಾತ ಒಂದು ಡಬ್ಬಿಯಲ್ಲಿ ಪುಟ್ಟ ನೋಟ್‌ಬುಕ್ಕು, ಪೆನ್ಸಿಲ್ಲು, ಒಂದಿಷ್ಟು ಚಿಲ್ಲರೆ ಸಾಮಾನು ಹಾಕಿ ಮರದ ಪೊಟರೆಯಲ್ಲೋ ಕಲ್ಲಿನ ಸಂದಿಯಲ್ಲೋ ಬಚ್ಚಿಡುತ್ತಾನೆ. ಆ ಜಾಗದ ಅಕ್ಷಾಂಶ, ರೇಖಾಂಶಗಳನ್ನು ಎಲ್ಲರಿಗೂ ತಿಳಿಯುವಂತೆ ಪ್ರಕಟಿಸುತ್ತಾನೆ. ಅವನ ಮುಖವನ್ನೇ ನೋಡದ ಇನ್ನೊಬ್ಬ ಜಿಪಿಎಸ್ ಹಿಡಿದು ಹುಡುಕಿಕೊಂಡು ಬಂದು, ಪುಸ್ತಕದಲ್ಲಿ ಹೆಸರು ತಾರೀಖು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಹೋಗುತ್ತಾನೆ. ಒಳಗಿನದೇನಾದರೂ ತೆಗೆದುಕೊಂಡರೆ ಅಷ್ಟೇ ಬೆಲೆಯದೋ ಅದಕ್ಕಿಂತ ಹೆಚ್ಚಿನದೋ ಒಂದನ್ನು ಇಡಬೇಕು. ಕಪ್ಪಿಲ್ಲ, ಬಹುಮಾನವಿಲ್ಲ. 'ಇದೂ ಒಂದು ಆಟವೇ?' ಅಂತ ನಮ್ಮ ಮನೆಯಲ್ಲಿ ಕೇಳಿದರು. ಆಟವೇ. ಜಗತ್ತಿನಲ್ಲಿ ಇಂಥ ಡಬ್ಬಿಗಳು ಮೂವತ್ತು ಲಕ್ಷ ದಾಟಿವೆ.

ಇದರ ಹುಟ್ಟಿನ ಕಥೆ ಸ್ವಾರಸ್ಯವಾಗಿದೆ. ಜಿಪಿಎಸ್ ಅಮೆರಿಕದ ಸೈನ್ಯ ಕಟ್ಟಿದ ವ್ಯವಸ್ಥೆ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ತಿರುಗುವ ಉಪಗ್ರಹಗಳಲ್ಲಿ ನಾಲ್ಕರ ಸಂಕೇತ ಸಿಕ್ಕಿದರೆ ನಾವು ನಿಂತ ಜಾಗ ಗೊತ್ತಾಗುತ್ತದೆ. ಆದರೆ ಸಾಮಾನ್ಯ ಜನರಿಗೆ ಬರುವ ಸಂಕೇತವನ್ನು ಸೈನ್ಯ ಬೇಕೆಂದೇ ಕೆಡಿಸಿಟ್ಟಿತ್ತು. ನೂರು ಮೀಟರು ಆಚೀಚೆ ತೋರಿಸುತ್ತಿತ್ತು. 2000ದ ಮೇ ತಿಂಗಳ ಮೊದಲಲ್ಲಿ ಅಧ್ಯಕ್ಷ ಕ್ಲಿಂಟನ್ ಆ ಅಡ್ಡಿಯನ್ನು ತೆಗೆಸಿದರು. ಮೇ 3ರಂದೇ ಡೇವ್ ಅಲ್ಮರ್ ಎಂಬಾತ ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಹತ್ತಿರ ಒಂದು ಬಕೆಟ್ ಬಚ್ಚಿಟ್ಟ. ಅದರಲ್ಲಿ ಪುಸ್ತಕ, ಕವಣೆ, ಒಂದು ಡಬ್ಬಿ ಬೀನ್ಸು ಇದ್ದವು. ಕೆಲವೇ ದಿನಗಳಲ್ಲಿ ಮೈಕ್ ಟೀಗ್ ಎಂಬಾತ ಅದನ್ನು ಕಂಡುಹಿಡಿದು ಹೆಸರು ಬರೆದ. ಯುದ್ಧಕ್ಕೆಂದು ಮಾಡಿದ ಯಂತ್ರ ಬೀನ್ಸು ಹುಡುಕಲು ಬಳಕೆಯಾಯಿತು. ಇದಕ್ಕಿಂತ ಒಳ್ಳೆಯ ಸುದ್ದಿಯನ್ನು ನಾನಂತೂ ಈಚೆಗೆ ಓದಿಲ್ಲ.

ಯಂತ್ರ ಹೊಸದಾದರೂ ಆಟ ಹಳೆಯದು. 1854ರಲ್ಲಿ ಇಂಗ್ಲೆಂಡಿನ ಡಾರ್ಟ್‌ಮೂರ್ ಬಯಲಿನಲ್ಲಿ ಜೇಮ್ಸ್ ಪೆರಟ್ ಎಂಬ ದಾರಿತೋರಕ ಕ್ರಾನ್‌ಮಿಯರ್ ಪೂಲ್ ಎಂಬ ದುರ್ಗಮ ಜಾಗದಲ್ಲಿ ಒಂದು ಬಾಟಲಿ ಇಟ್ಟ. ಅಲ್ಲಿಯವರೆಗೆ ನಡೆದವರು ತಮ್ಮ ಚೀಟಿಯನ್ನು ಅದರಲ್ಲಿ ಹಾಕಿ ಬರುತ್ತಿದ್ದರು. ಅಲ್ಲಿಗೂ ಇಲ್ಲಿಗೂ ತಿರುಳು ಒಂದೇ: 'ನಾನು ಇಲ್ಲಿಗೆ ಬಂದಿದ್ದೆ' ಎಂದು, ಗುರುತಿಲ್ಲದವನ ಮೇಲೆ ಭರವಸೆ ಇಟ್ಟು, ಬರೆದಿಡುವುದು.

ಇದನ್ನೆಲ್ಲ ಓದಿದ ಹುರುಪಿನಲ್ಲಿ ನಾನೂ ನನ್ನ ಗೆಳೆಯನೂ ಒಂದು ಟಿಫಿನ್ ಡಬ್ಬಿ ತೊಳೆದು, ನೋಟ್‌ಬುಕ್ಕು ಹಾಕಿ, ಹತ್ತಿರದ ಒಂದು ಉದ್ಯಾನಕ್ಕೆ ಹೋದೆವು. ಬೆಂಚಿನ ಹಿಂದೆ ಬಗ್ಗಿದ್ದೇ ತಡ, ಕಾವಲುಗಾರ ಬಂದ. 'ಯಾರದು ಇದು?' ಅಂದ. ಹುಡುಕಿದವರದು ಅಂದೆವು. 'ಅಂದ್ರೆ ಯಾರದೂ ಅಲ್ಲ' ಅಂದ. ಡಬ್ಬಿ ಎತ್ತಿಕೊಂಡು ಬಂದೆವು.

ಮೊದಲು ನನಗೆ ಸಿಟ್ಟು ಬಂತು. ಆಮೇಲೆ ಯೋಚಿಸಿದರೆ ಕಾವಲುಗಾರನ ಮಾತೇ ಸರಿ. 1993ರ ಮಾರ್ಚ್ 12, 2006ರ ಜುಲೈ 11, 2008ರ ನವೆಂಬರ್ 26: ಈ ತಾರೀಖುಗಳನ್ನು ಉಂಡ ಊರು ಇದು. ಪಕ್ಕದ ಘಾಟ್ಕೋಪರಿನಲ್ಲಿ 2002ರಲ್ಲಿ ಬಸ್ಸಿನೊಳಗೇ ಬಾಂಬು ಸಿಡಿಯಿತು. ಸಾಲದ್ದಕ್ಕೆ ನಮ್ಮ ಚೆಂಬೂರಿನ ಒಂದು ಮಗ್ಗುಲಿಗೆ ಮಾಹುಲಿನ ತೈಲಾಗಾರಗಳು, ಇನ್ನೊಂದು ಮಗ್ಗುಲಿಗೆ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರ. ಜಿಯೋಕ್ಯಾಚಿಂಗ್ ಆಡುವವರ ನಿಯಮಗಳೇ ಹೇಳುತ್ತವೆ: ಜಾಗದವರ ಒಪ್ಪಿಗೆ ಇರಬೇಕು, ರೈಲು ಹಳಿ, ವಿಮಾನ ನಿಲ್ದಾಣ, ಸೈನ್ಯದ ನೆಲೆಗಳ ಹತ್ತಿರ ಇಡಕೂಡದು, ನೆಲ ಅಗೆದು ಹೂಳಕೂಡದು. ಇಷ್ಟನ್ನೂ ಪಾಲಿಸಿದರೆ ಚೆಂಬೂರಿನಲ್ಲಿ ಉಳಿಯುವ ಸಂದಿ ಎಷ್ಟು? ಉಳಿದ ಸಂದಿಯಲ್ಲಿ ಯಾರೋ ಮಲಗಿರುತ್ತಾರೆ. ಮುಂಬೈಯಲ್ಲಿ ಅಪರಿಚಿತರು ಅಪರಿಚಿತರನ್ನು ನಂಬುವುದಿಲ್ಲ ಅಂತಲ್ಲ. ಗಾಡಿಯಲ್ಲಿ ಕೂತವರು ನಿಂತವರ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರಲ್ಲ! ಆದರೆ ಆ ಚೀಲದ ಯಜಮಾನ ಎದುರಿಗೇ ನಿಂತಿರುತ್ತಾನೆ. ನಮ್ಮ ಊರಿನ ನಂಬಿಕೆಗೆ ಒಂದು ಮುಖ ಬೇಕು.

ಹಾಗಾದರೆ ಈ ಆಟ ನಮಗಲ್ಲವೆ? ನಮ್ಮದೇ ಅನ್ನುವುದು ನನ್ನ ವಾದ. ಆದರೆ ನಾವು ಡಬ್ಬಿ ಬಚ್ಚಿಡಬೇಕಾಗಿಲ್ಲ. ಬಚ್ಚಿಡುವ ಕೆಲಸವನ್ನು ಕಾಲ ಮೊದಲೇ ಮಾಡಿ ಮುಗಿಸಿದೆ.

ಬೆಂಗಳೂರಿನ ಉದಾಹರಣೆ ನೋಡಿ. ಬಿ. ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಬೆಂಗಳೂರು ಜಿಲ್ಲೆಯ ಸಂಪುಟ 1905ರಲ್ಲಿ ಬಂತು. ಯಾವ ಹಳ್ಳಿಯ ಯಾವ ಗುಡಿಯ, ಯಾವ ಹೊಲದ ಹತ್ತಿರ ಯಾವ ಶಾಸನ ಇದೆ ಅಂತ ಅದರಲ್ಲಿ ಬರೆದಿದೆ. ನೂರು ವರ್ಷ ಕಳೆದ ಮೇಲೆ ಕೆಲವು ಆಸಕ್ತರು ಆ ಸಂಪುಟವನ್ನೇ ನಕ್ಷೆ ಮಾಡಿಕೊಂಡು ಹುಡುಕಲು ಹೊರಟರು. ಹಳ್ಳಿ ಹೋಗಿ ಬಡಾವಣೆಯಾಗಿತ್ತು, ಹೊಲ ಹೋಗಿ ಅಪಾರ್ಟ್‌ಮೆಂಟು ಬಂದಿತ್ತು. ಎಷ್ಟೋ ಕಲ್ಲುಗಳು ಸಿಗಲೇ ಇಲ್ಲ. ಸಿಕ್ಕಿದ್ದನ್ನು ನಕ್ಷೆಯಲ್ಲಿ ಗುರುತಿಸಿದರು, ಅಕ್ಕಪಕ್ಕದ ಜನರಿಗೆ ಓದಿ ಹೇಳಿದರು. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಅಗೆಯುವಾಗ ಬಂದ ಕಲ್ಲು ಸುಮಾರು 750ರ ಕಾಲದ ಕಿತ್ತಯ್ಯ ಎಂಬವನ ವೀರಗಲ್ಲು. ಅದರಲ್ಲಿ ಹೆಬ್ಬಾಳದ ಹಳೆಯ ಹೆಸರು ಇದೆ. 1909ರಲ್ಲಿ ಶುರುವಾದ ಮಿಥಿಕ್ ಸೊಸೈಟಿ 2021ರಿಂದ ಇಂಥ ಕಲ್ಲುಗಳ ಮೂರು ಆಯಾಮದ ಚಿತ್ರ ತೆಗೆದಿಡುತ್ತಿದೆ. ಇವರು ಯಾರೂ ತಮ್ಮನ್ನು ಜಿಯೋಕ್ಯಾಚರ್ ಅಂತ ಕರೆದುಕೊಳ್ಳಲಿಲ್ಲ. ಆದರೆ ಗುರುತು ಹಿಡಿದು ಹೋಗುವುದು, ಸಂದಿಯಲ್ಲಿ ಇಣುಕುವುದು, ಸಿಕ್ಕಿದ್ದನ್ನು ಇದ್ದಲ್ಲೇ ಕಾಪಾಡಿ ಮುಂದಿನವನಿಗೆ ಬಿಡುವುದು, ಎಲ್ಲವೂ ಅದೇ. ವ್ಯತ್ಯಾಸ ಒಂದೇ. ಬೇವಾರಸು ಬಿದ್ದಿದ್ದ ಕಲ್ಲಿಗೆ ಇವರು ವಾರಸುದಾರರನ್ನು ಹುಡುಕಿಕೊಟ್ಟರು.

'ಅದು ಬೆಂಗಳೂರಾಯ್ತು, ಇಲ್ಲೇನಿದೆ?' ಅಂತ ಕೇಳಬಹುದು. ಮುಂಬೈಯಲ್ಲೂ ಇದೆ. ಕೋಟೆಯ ಸೇಂಟ್ ಥಾಮಸ್ ಚರ್ಚು 1718ರಲ್ಲಿ ತೆರೆದದ್ದು. ಬ್ರಿಟಿಷರ ಕಾಲದಲ್ಲಿ ಅಲ್ಲಿಂದ ಅಳೆದು ದಾರಿಗುಂಟ ಮೈಲಿಗಲ್ಲು ನೆಟ್ಟರು. ರಸ್ತೆ ಏರಿದಂತೆ ಅವು ಕತ್ತಿನವರೆಗೆ ಹೂತುಹೋದವು. ಈಚಿನ ವರ್ಷಗಳಲ್ಲಿ ಆಸಕ್ತರು ಹುಡುಕಿ ತೋರಿಸಿ, ಮಹಾನಗರಪಾಲಿಕೆ ಕೆಲವನ್ನು ಎತ್ತಿ ನಿಲ್ಲಿಸಿತು. ಇನ್ನು ನಮ್ಮ ಚೆಂಬೂರು: 1928ರಲ್ಲಿ ಟ್ರಾಂಬೆಯಿಂದ ಅಂಧೇರಿಗೆ ಒಂದು ರೈಲು ಓಡಿತು, 1934ಕ್ಕೆ ನಿಂತುಹೋಯಿತು. ಅದು ಹೋದ ದಾರಿ ಯಾವುದು ಅಂತ ನಮ್ಮಲ್ಲಿ ಎಷ್ಟು ಜನ ತೋರಿಸಬಲ್ಲರು? ದಿನಾ 'ಕ್ಯಾಂಪ್' ಅನ್ನುತ್ತೇವೆ. ದೇಶ ಒಡೆದಾಗ ಸಿಂಧಿನಿಂದ ಬಂದವರು ನೆಲೆ ನಿಂತ ಜಾಗ ಅದು ಅನ್ನುವುದು ಎಷ್ಟು ಜನರಿಗೆ ನೆನಪಿದೆ? ರಾಜ್ ಕಪೂರ್ 1948ರಲ್ಲಿ ಕಟ್ಟಿದ ಆರ್. ಕೆ. ಸ್ಟುಡಿಯೋ 2017ರಲ್ಲಿ ಬೆಂಕಿಗೆ ಸಿಕ್ಕಿ, 2019ರಲ್ಲಿ ಮಾರಾಟವಾಯಿತು.

ಸ್ಟುಡಿಯೋಕ್ಕಾದರೆ ಅಳುವವರು ದೇಶದ ತುಂಬ ಇದ್ದಾರೆ. ನಮ್ಮವರದಕ್ಕೆ ಯಾರಿದ್ದಾರೆ? ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಕನ್ನಡ ಓದಿದ ಹುಡುಗರು ಈ ನಗರದಲ್ಲಿ ಸಾವಿರಾರು. ಅವರು ಕೂತ ಕೋಣೆಗಳು, ಹತ್ತು ಜನ ಸೇರಿ ಮಲಗಿದ ಖೋಲಿಗಳು, ಯಕ್ಷಗಾನದ ರಂಗ ಕಟ್ಟಿದ ಮೈದಾನಗಳು, ಇವಕ್ಕೆ ಶಾಸನವಿಲ್ಲ, ಫಲಕವಿಲ್ಲ, ರೈಸ್ ಸಾಹೇಬರೂ ಇಲ್ಲ. ಹಳೆಯ ಕಟ್ಟಡ ಬಿದ್ದು ಇಪ್ಪತ್ತು ಮಾಳಿಗೆ ಎದ್ದಾಗ ಅವೂ ಹೋಗುತ್ತವೆ. ಬಲ್ಲವರಿಗೆ ಈಗ ಎಂಬತ್ತರ ಮೇಲೆ ವಯಸ್ಸು. ಅವರ ಮೊಮ್ಮಕ್ಕಳಿಗೆ ಕನ್ನಡ ಮಾತಾಡಲು ಬಂದರೂ ಓದಲು ಬರುವುದಿಲ್ಲ. ನಿಜವಾದ ಬೇವಾರಸು ವಸ್ತು ಇದು. ಇದನ್ನು ಯಾವ ಪೊಲೀಸರಿಗೂ ತಿಳಿಸಲಾಗುವುದಿಲ್ಲ.

ಅದಕ್ಕೇ ನಮ್ಮ ಸಂಘದ ಮುಂದೆ ಒಂದು ಸೂಚನೆ ಇಡುತ್ತೇನೆ. ಚೆಂಬೂರಿನಲ್ಲಿ ಹತ್ತು ಜಾಗ ಆರಿಸೋಣ. ಪ್ರತಿಯೊಂದಕ್ಕೂ ಅಕ್ಷಾಂಶ, ರೇಖಾಂಶ, ಜೊತೆಗೆ ಒಂದು ಪ್ರಶ್ನೆ. ಪ್ರಶ್ನೆ ಎಂಥದಿರಬೇಕೆಂದರೆ, ಮೊಬೈಲಿನಲ್ಲಿ ಉತ್ತರ ಸಿಗಬಾರದು. ಅಲ್ಲಿಯ ಒಬ್ಬ ಮನುಷ್ಯನನ್ನು ಮಾತಾಡಿಸಲೇಬೇಕು. ಹತ್ತೂ ಮುಗಿಸಿದವರು ಕೊನೆಗೆ ಒಂದು ಹೋಟೆಲಿಗೋ ಅಂಗಡಿಗೋ ಬರಲಿ. ಅಲ್ಲಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ, ಯಜಮಾನರ ಒಪ್ಪಿಗೆಯಿಂದ, ನಮ್ಮ ನೋಟ್‌ಬುಕ್ ಇರುತ್ತದೆ. ತಮ್ಮ ಹೆಸರಿನ ಜೊತೆ, ಉತ್ತರ ಹೇಳಿದವರ ಹೆಸರನ್ನೂ, ಅವರು ಒಪ್ಪಿದರೆ, ಬರೆಯಲಿ. ಕನ್ನಡ ಲಿಪಿ ಬಾರದವರು ಗಲ್ಲಾದಲ್ಲಿ ಕೂತವರಿಂದ ತಮ್ಮ ಹೆಸರು ಬರೆಸಿಕೊಳ್ಳಲಿ. ಎರಡನೆಯ ಸಲ ತಾವೇ ಬರೆಯಲಿ.

'ಇದು ಜಿಯೋಕ್ಯಾಚಿಂಗೇ ಅಲ್ಲ, ಡಬ್ಬಿಯೇ ಇಲ್ಲ' ಅನ್ನುವವರಿದ್ದಾರೆ. ಆ ಆಟದಲ್ಲೇ ಡಬ್ಬಿಯಿಲ್ಲದ ಬಗೆಗಳಿವೆ. 2004ರಿಂದ ಅರ್ತ್‌ಕ್ಯಾಷ್ ಎಂಬ ಬಗೆ ನಡೆದಿದೆ: ಭೂಮಿಯ ರಚನೆಯೊಂದನ್ನು ಹೋಗಿ ನೋಡಿ ಪ್ರಶ್ನೆಗೆ ಉತ್ತರಿಸುವುದು. ಅಂಧೇರಿಯ ಗಿಲ್ಬರ್ಟ್ ಹಿಲ್ ನೋಡಿ. ಲಾವಾರಸ ಆರಿ, ಕುಗ್ಗಿ, ಬಿರುಕುಬಿಟ್ಟು ಆದ ಕಲ್ಲಿನ ಕಂಬಗಳು, ಸುಮಾರು 6.6 ಕೋಟಿ ವರ್ಷ ಹಳೆಯವು. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬಗಳು ಇನ್ನೂ ಹಳೆಯವು, ಸುಮಾರು 8.8 ಕೋಟಿ. ಉಡುಪಿಯಿಂದ ಬಂದು ಅಂಧೇರಿಯಲ್ಲಿ ನೆಲೆಸಿದವರು ಎರಡನ್ನೂ ನೋಡಿ ಒಂದು ಸಾಲು ಬರೆದರೆ ಸಾಕು, ಅದಕ್ಕೆ ಯಾವ ಡಬ್ಬಿ ಬೇಕು?

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ಇದೂ ಕೊನೆಗೆ ಲೆಕ್ಕದ ಚಟವಾಗಬಹುದು, 'ನಂದು ಹತ್ತು ಆಯ್ತು, ನಿಂದೆಷ್ಟು?' ಅಂತ. ಜಿಯೋಕ್ಯಾಚಿಂಗ್‌ನವರಲ್ಲೂ ಸಾವಿರಗಳ ಲೆಕ್ಕ ಇಡುವವರಿದ್ದಾರೆ. ಅಂಥವರು ಮುದುಕರೊಬ್ಬರ ಮುಂದೆ ಎರಡು ನಿಮಿಷ ನಿಂತು, ಉತ್ತರ ಕಿತ್ತುಕೊಂಡು ಓಡಿಯಾರು. ಇದಕ್ಕೆ ನನ್ನಲ್ಲಿ ನಿಯಮವಿಲ್ಲ. ಆದರೆ ಎರಡು ನಿಮಿಷವಾದರೂ ನಿಂತರಲ್ಲ! ಈಗ ಅಷ್ಟೂ ನಿಲ್ಲುವವರಿಲ್ಲ. ಮುದುಕರು ಮಾತಿಗೆ ಶುರು ಮಾಡಿದರೆ ಎರಡು ನಿಮಿಷದಲ್ಲಿ ಬಿಡುವವರೂ ಅಲ್ಲ.

ಆ ಟಿಫಿನ್ ಡಬ್ಬಿ ಈಗಲೂ ನಮ್ಮ ಮನೆಯಲ್ಲಿದೆ. ಅಮ್ಮ ಅದರಲ್ಲಿ ಉಪ್ಪಿನಕಾಯಿ ಹಾಕಿದ್ದಾಳೆ. ನೋಟ್‌ಬುಕ್ಕು ಮಾತ್ರ ಖಾಲಿ ಇದೆ. ಸಂಘದ ಮುಂದಿನ ಸಭೆಗೆ ತರುತ್ತೇನೆ. ಬರುವವರು ಒಂದೊಂದು ಜಾಗದ ಹೆಸರು, ಅದನ್ನು ಬಲ್ಲ ಒಬ್ಬೊಬ್ಬ ಹಿರಿಯರ ಹೆಸರು ನೆನಪು ಮಾಡಿಕೊಂಡು ಬನ್ನಿ.