ಯಾವುದು ಮೊದಲೋ ಅದು

ಓದದವನ ಅಜ್ಞಾನಕ್ಕಿಂತ ಅರ್ಧ ಓದಿದವನ ಜ್ಞಾನವೇ ಹೆಚ್ಚು ಅಪಾಯಕರವೆಂದು ನಾನು ತರಗತಿಯಲ್ಲಿ ವರ್ಷಕ್ಕೆ ಹತ್ತು ಬಾರಿಯಾದರೂ ಹೇಳುವುದುಂಟು. ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನಿಗೆ ಇಂಥ ಉಪದೇಶಗಳು ಧಾರಾಳವಾಗಿ ಒದಗುತ್ತವೆ. ಆದರೆ ಈ ಮಾತು ಮೊದಲು ಸಲ್ಲಬೇಕಾದದ್ದು ನನಗೇ ಎಂಬುದನ್ನು ತಿಳಿಯಲು 46,000 ರೂಪಾಯಿ ತೆರಬೇಕಾಯಿತು.

ಒಂದು ಭಾನುವಾರ ಅರಕಲಗೂಡಿನಲ್ಲಿರುವ ನಮ್ಮ ತಾಯಿಯವರನ್ನು ಚನ್ನರಾಯಪಟ್ಟಣದ ತಂಗಿಯ ಮನೆಗೆ ಕರೆದೊಯ್ಯಬೇಕಾಗಿತ್ತು. ಹಾಸನದಿಂದ ಬೆಳಿಗ್ಗೆಯೇ ಹೊರಟು, ಅರಕಲಗೂಡಿನಲ್ಲಿ ತಾಯಿಯವರ ಕೈಯಿಂದ ಅಕ್ಕಿರೊಟ್ಟಿ ತಿಂದು, ಅವರನ್ನೂ ಅವರ ಉಪ್ಪಿನಕಾಯಿಯ ಜಾಡಿಯನ್ನೂ ಕಾರಿನಲ್ಲಿ ಭದ್ರವಾಗಿ ಕೂರಿಸಿ ಪ್ರಯಾಣ ಮುಂದುವರಿಸಿದೆವು. ಹೊಳೆನರಸೀಪುರವನ್ನು ದಾಟಿ ಕೆಲವು ಮೈಲಿ ಸಾಗಿರಬಹುದು. ಮುಂಭಾಗದಲ್ಲಿ 'ಟಪ್' ಎಂದು ಒಂದೇ ಒಂದು ಸದ್ದಾಯಿತು. ಹೊಗೆಯಿಲ್ಲ, ನಡುಕವಿಲ್ಲ, ಮಾತನಾಡುತ್ತಿದ್ದವರು ಮಾತಿನ ನಡುವೆಯೇ ಮೌನ ತಾಳಿದಂತೆ ಇಂಜಿನ್ ನಿಂತುಹೋಯಿತು. ನಾನು ಕೀಲಿಯನ್ನು ಐದಾರು ಬಾರಿ ತಿರುಗಿಸಿದೆ. ಇಂಜಿನ್ ಎಂದಿಗಿಂತ ಹಗುರವಾಗಿ, ಕಾಳಿಲ್ಲದ ಗಿರಣಿಯಂತೆ ಬರಿದೇ ಸುತ್ತಿತೇ ಹೊರತು ಜೀವ ತಾಳಲಿಲ್ಲ.

"ಸಾಕು ಬಿಡೋ ಮಗಾ, ಮಲಗಿದ ಎಮ್ಮೆಯ ಬಾಲ ತಿರುಚಿದರೆ ಏನು ಬಂತು?" ಎಂದರು ತಾಯಿಯವರು.

ಅವರು ಯಂತ್ರಶಾಸ್ತ್ರವನ್ನು ಕಲಿತವರಲ್ಲ. ಆದರೂ ಆ ದಿನ ರಸ್ತೆಯಲ್ಲಿ ಆಡಿದ ಮಾತುಗಳಲ್ಲೆಲ್ಲ ಶಾಸ್ತ್ರಸಮ್ಮತವಾದದ್ದು ಅದೊಂದೇ ಎಂಬುದು ಎರಡು ಗಂಟೆಗಳ ಅನಂತರ ತಿಳಿಯಿತು. ಪುಣ್ಯಾತ್ಮರೊಬ್ಬರು ತಮ್ಮ ಟ್ರಾಕ್ಟರಿಗೆ ಹಗ್ಗ ಕಟ್ಟಿ ನಮ್ಮನ್ನು ಚನ್ನರಾಯಪಟ್ಟಣಕ್ಕೆ ಎಳೆದುತಂದರು. ಗ್ಯಾರೇಜಿನ ಮೇಸ್ತ್ರಿ ಇಂಜಿನ್ನಿನ ಪಕ್ಕದ ಮುಚ್ಚಳವನ್ನು ಬಿಚ್ಚಿ, ಹರಿದ ಕರಿಯ ಪಟ್ಟಿಯೊಂದನ್ನು ಸತ್ತ ಹಾವನ್ನು ಹಿಡಿದಂತೆ ಎರಡು ಬೆರಳುಗಳಲ್ಲಿ ಹಿಡಿದೆತ್ತಿದರು.

"ಟೈಮಿಂಗ್ ಬೆಲ್ಟ್ ಹೋಗಿದೆ ಮೇಷ್ಟ್ರೇ. ಇದು ಹೋದ ಮೇಲೆ ಎಷ್ಟು ಸಲ ಸೆಲ್ಫ್ ಹೊಡೆದಿರಿ?"

ನಾನು ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ವಿದ್ಯಾರ್ಥಿಯಂತೆ ತಲೆ ತಗ್ಗಿಸಿ, "ಒಂದೆರಡು ಸಲ" ಎಂದೆ.

ಆ ಪಟ್ಟಿಯ ಮಹಿಮೆಯನ್ನು ಓದುಗರಿಗೆ ಸ್ವಲ್ಪ ವಿವರಿಸಬೇಕು. ಇಂಜಿನ್ನಿನ ಒಳಗೆ ಪಿಸ್ಟನ್ನುಗಳು ಮೇಲೆ ಕೆಳಗೆ ಓಡಾಡುತ್ತವೆ. ಅವುಗಳ ನೆತ್ತಿಯ ಮೇಲೆ ಗಾಳಿಯನ್ನು ಒಳಗೆ ಬಿಡುವ, ಹೊಗೆಯನ್ನು ಹೊರಗೆ ದಬ್ಬುವ ವಾಲ್ವುಗಳು ತೆರೆದು ಮುಚ್ಚುತ್ತವೆ. ಇಬ್ಬರಿಗೂ ಜಾಗ ಒಂದೇ, ಸರದಿ ಬೇರೆ. ಪಿಸ್ಟನ್ನುಗಳ ದಂಡ ಎರಡು ಸುತ್ತು ತಿರುಗುವಾಗ ವಾಲ್ವುಗಳ ದಂಡ ಒಂದೇ ಸುತ್ತು ತಿರುಗಬೇಕು. ಇಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುತ್ತಿದ್ದರೆ ಪ್ರತಿಯೊಂದು ವಾಲ್ವೂ ಸಾವಿರ ಬಾರಿ, ಎಂದರೆ ಸೆಕೆಂಡಿಗೆ ಹದಿನಾರು ಬಾರಿಗೂ ಮಿಗಿಲಾಗಿ, ತೆರೆದು ಮುಚ್ಚುತ್ತದೆ. ಈ ಲಯವನ್ನು ತಪ್ಪದಂತೆ ಕಾಯುವ ತಾಳಧಾರಿಯೇ ಆ ಹಲ್ಲಿನ ಪಟ್ಟಿ. ಮೊದಲು ಈ ಕೆಲಸಕ್ಕೆ ಲೋಹದ ಚೈನು ಅಥವಾ ಹಲ್ಲಿನ ಚಕ್ರಗಳಿದ್ದವು. 1962ರಲ್ಲಿ ಜರ್ಮನಿಯ ಗ್ಲಾಸ್ ಕಂಪೆನಿಯ ಕಾರಿನಲ್ಲಿ ರಬ್ಬರಿನ ಪಟ್ಟಿ ಬಂದಿತು. ಸದ್ದು ಕಡಿಮೆ, ತೂಕ ಕಡಿಮೆ, ಬೆಲೆಯೂ ಕಡಿಮೆ, ಬಹುಬೇಗ ಲೋಕಪ್ರಿಯವಾಯಿತು. ಆದರೆ ರಬ್ಬರು ರಬ್ಬರೇ. ಒಳಗೆ ಗಾಜಿನ ನಾರಿನ ಬಲವಿದ್ದರೂ ಕಾವಿಗೆ, ಎಣ್ಣೆಯ ಸೋಂಕಿಗೆ, ಕಾಲಕ್ಕೆ ಅದು ಬಾಗಲೇಬೇಕು.

ಪಟ್ಟಿ ಹರಿದಾಗ ವಾಲ್ವುಗಳು ಇದ್ದಲ್ಲೇ ನಿಲ್ಲುತ್ತವೆ; ಪಿಸ್ಟನ್ನುಗಳು ಮಾತ್ರ ಓಟದ ಭರದಲ್ಲಿ ಮೇಲೆ ಬಂದು, ತೆರೆದೇ ಉಳಿದ ವಾಲ್ವುಗಳಿಗೆ ಗುದ್ದುತ್ತವೆ. ಎಲ್ಲ ಇಂಜಿನ್ನುಗಳಲ್ಲಿಯೂ ಹೀಗಾಗುವುದಿಲ್ಲ. ಕೆಲವದರಲ್ಲಿ ಇಬ್ಬರ ನಡುವೆ ಸಾಕಷ್ಟು ಅಂತರವಿರುತ್ತದೆ. ನನ್ನದು ಅಂಥ ಉದಾರ ಇಂಜಿನ್ನಾಗಿರಲಿಲ್ಲ. ಪಟ್ಟಿ ಹರಿದ ಮೇಲೆ ಸೆಲ್ಫ್ ಹೊಡೆದರೆ ಗುದ್ದಿದ್ದಕ್ಕೆ ಮತ್ತೆ ಗುದ್ದಿದಂತೆ. ತಾಯಿಯವರ ಎಮ್ಮೆಯ ಬಾಲದ ಮಾತು ನೆನಪಾಯಿತು.

ಅರಕಲಗೂಡಿನಲ್ಲಿ ನಾನು ಬಾಲ್ಯದಲ್ಲಿ ರಾಗಿ ಬೀಸಿಸಲು ಹೋಗುತ್ತಿದ್ದ ಗಿರಣಿಯಲ್ಲಿಯೂ ಬೆಲ್ಟಿತ್ತು. ಅದು ಎಲ್ಲರ ಕಣ್ಣೆದುರಿಗೇ ಪಟಪಟನೆ ಓಡುತ್ತಿತ್ತು. ಅಂಚು ಬಿರಿದರೆ ಗಿರಣಿಯವರಿಗೆ ಕಾಣುತ್ತಿತ್ತು. ಹರಿದರೆ ಕಲ್ಲು ನಿಲ್ಲುತ್ತಿತ್ತು, ಅಷ್ಟೇ. ಜೋಡಿಸಿ ಮತ್ತೆ ಹೂಡುತ್ತಿದ್ದರು. ಕಾರಿನ ಪಟ್ಟಿಯಾದರೋ ಮುಚ್ಚಳದ ಮರೆಯಲ್ಲಿರುವ ಅಸೂರ್ಯಂಪಶ್ಯೆ. ಎಷ್ಟೋ ಬಾರಿ ಯಾವ ಮುನ್ಸೂಚನೆಯನ್ನೂ ಕೊಡದೆ ಹರಿಯುತ್ತದೆ. 1982ರಿಂದ ನಮ್ಮ ಹಾಸನದಲ್ಲಿ ಕುಳಿತು, 36,000 ಕಿಲೋಮೀಟರು ಎತ್ತರದ ಉಪಗ್ರಹಗಳ ಗತಿಯನ್ನು ತಿದ್ದುವವರಿದ್ದಾರೆ. ಅದೇ ಊರಿನಲ್ಲಿರುವ ನನಗೆ ನನ್ನ ಮೊಣಕಾಲಿನಿಂದ ಎರಡು ಮೊಳ ಮುಂದಿದ್ದ ಪಟ್ಟಿಯ ಗತಿ ತಿಳಿಯಲಿಲ್ಲ.

ಇನ್ನು ಹಣದ ವಿಚಾರ. ದೊಡ್ಡ ವರ್ಕ್‌ಶಾಪೊಂದಕ್ಕೆ ದೂರವಾಣಿಯಲ್ಲಿ ವಿಚಾರಿಸಿದಾಗ ಕಾರನ್ನು ನೋಡದೆಯೇ, "ಇಂಜಿನ್ನನ್ನೇ ಬದಲಾಯಿಸಬೇಕು, ಒಂದು ಲಕ್ಷದ ಮೇಲಾಗುತ್ತದೆ" ಎಂದರು. ನಾನು ಆ ಹಳೆಯ ಕಾರನ್ನು ಕೊಂಡದ್ದೇ 1,80,000 ರೂಪಾಯಿಗೆ. ವಿಮೆಯವರನ್ನು ಕೇಳಿದರೆ, ಸವೆತಕ್ಕೂ ಯಂತ್ರದ ಕೆಡುಕಿಗೂ ಸಾಮಾನ್ಯ ಪಾಲಿಸಿಯಲ್ಲಿ ಪರಿಹಾರವಿಲ್ಲವೆಂದು ಸವಿಯಾಗಿ ತಿಳಿಸಿದರು. ಚನ್ನರಾಯಪಟ್ಟಣದ ಮೇಸ್ತ್ರಿಯೇ ಮಾರ್ಗ ತೋರಿಸಿದವರು: "ಮೊದಲು ಹೆಡ್ಡು ಬಿಚ್ಚೋಣ. ಏನು ಮುರಿದಿದೆ ಅಂತ ನಿಮ್ಮ ಕಣ್ಣಿಗೇ ತೋರಿಸ್ತೀನಿ. ಆಮೇಲೆ ರಿಪೇರಿ ಮಾಡಿಸೋದೋ ಮಾರೋದೋ ನೀವೇ ಹೇಳಿ."

ಮರುದಿನ ಅವರು ವಾಲ್ವುಗಳನ್ನು ಒಂದೊಂದಾಗಿ ಗಾಜಿನ ಹಲಗೆಯ ಮೇಲೆ ಉರುಳಿಸಿದರು. ನೆಟ್ಟಗಿದ್ದವು ಸಲೀಸಾಗಿ ಉರುಳಿದವು; ಬಾಗಿದವು ಕುಂಟಿದವು. ಹದಿನಾರರಲ್ಲಿ ಹನ್ನೊಂದು ಕುಂಟಿದವು. ಪಿಸ್ಟನ್ನುಗಳ ನೆತ್ತಿಯಲ್ಲಿ ಸಣ್ಣ ಗುರುತುಗಳಿದ್ದವೇ ಹೊರತು ಬಿರುಕಿರಲಿಲ್ಲ. ಹೊಸ ವಾಲ್ವುಗಳು, ಗ್ಯಾಸ್ಕೆಟ್ಟು, ಹೊಸ ಬೆಲ್ಟು, ಅದನ್ನು ಬಿಗಿಹಿಡಿಯುವ ಟೆನ್ಷನರು, ವಾಟರ್ ಪಂಪು, ಹಾಸನದ ಲೇತಿನಲ್ಲಿ ಹೆಡ್ಡಿನ ಕೆಲಸ, ಕೂಲಿ, ಎಲ್ಲ ಸೇರಿ 46,000. ಬೆಲ್ಟನ್ನು ಹರಿಯುವ ಮೊದಲೇ ಬದಲಾಯಿಸಿದ್ದರೆ ಎಷ್ಟಾಗುತ್ತಿತ್ತೆಂದು ಕೇಳಿದೆ. ಕೇಳಬಾರದಾಗಿತ್ತು. "ಏಳೋ ಎಂಟೋ ಸಾವಿರ" ಎಂದರು.

ಆ 46,000 ಎಲ್ಲಿಂದ ಬಂದಿತೆಂಬುದನ್ನೂ ಹೇಳಿಬಿಡುತ್ತೇನೆ. ಕಾರನ್ನು ಕೊಳ್ಳುವಾಗ ನನ್ನ ಶ್ರೀಮತಿ ತವರಿನವರು ಕೊಟ್ಟ ಚಿನ್ನದ ಚೈನನ್ನು ಬ್ಯಾಂಕಿನಲ್ಲಿ ಅಡವಿಟ್ಟಿದ್ದಳು. ಅದನ್ನು ಬಿಡಿಸಲೆಂದು ಹದಿನೆಂಟು ತಿಂಗಳಿಂದ ಕೂಡಿಟ್ಟ ಹಣ ಅದು. ಬರುವ ಯುಗಾದಿಗೆ ಚೈನು ಮನೆಗೆ ಬರುವುದಿತ್ತು. ಹಣ ತೆಗೆಯಬೇಕಾಗಿದೆ ಎಂದು ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಸ್ತ್ರಿಗೆ ಬಾಕಿ ಇಡಬೇಡಿ" ಎಂದಳಷ್ಟೇ. ಜಗಳವಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಅಂದು ರಾತ್ರಿ ಕಾರಿನ ಕೈಪಿಡಿಯನ್ನು ತೆಗೆದು ನೋಡಿದೆ. ನಾನು ಅದನ್ನು ಓದಿರಲಿಲ್ಲವೆಂದಲ್ಲ. ಬೆಲ್ಟಿನ ಪುಟದಲ್ಲಿ 1,00,000 ಕಿಲೋಮೀಟರು ಎಂಬುದನ್ನು ಕಾರು ಕೊಂಡ ವಾರವೇ ಓದಿ, ಪೆನ್ಸಿಲಿನಿಂದ ಗೆರೆಯನ್ನೂ ಎಳೆದಿದ್ದೆ. ಕಾರು ಓಡಿದ್ದು 71,000 ಮಾತ್ರ; ಇನ್ನೂ 29,000 ಉಳಿದಿದೆಯೆಂದು ನಿಶ್ಚಿಂತನಾಗಿದ್ದೆ. ಆದರೆ ವಾಕ್ಯ ಅಲ್ಲಿಗೆ ಮುಗಿದಿರಲಿಲ್ಲ. 'ಅಥವಾ 7 ವರ್ಷ, ಯಾವುದು ಮೊದಲೋ ಅದು' ಎಂದು ಮುಂದಿನ ಸಾಲಿಗೆ ಹರಿದಿತ್ತು. ಕಾರಿಗೆ ಒಂಬತ್ತು ವರ್ಷವಾಗಿತ್ತು. ವಿಕಲ್ಪಾರ್ಥಕ ಅವ್ಯಯವೆಂದು ತರಗತಿಯಲ್ಲಿ ಲಕ್ಷಣ ಹೇಳುವ ನಾನು ಒಂದು 'ಅಥವಾ'ವನ್ನು ಗಮನಿಸದೆ ಕೆಟ್ಟೆ.

ಹಳೆಯ ಕಾರು ಕೊಳ್ಳುವವರಿಗೆ ನನ್ನ ವಿನಂತಿ ಇಷ್ಟೇ. ಬಣ್ಣವನ್ನೂ ಟೈರನ್ನೂ ನೋಡಿದ ಮೇಲೆ, ಇಂಜಿನ್ನಿಗೆ ಬೆಲ್ಟೋ ಚೈನೋ ಎಂದು ಕೇಳಿರಿ. ಬೆಲ್ಟಾಗಿದ್ದರೆ ಬದಲಾಯಿಸಿದ ದಿನಾಂಕ, ಓಡಿದ ದೂರ ಮತ್ತು ಬಿಲ್ಲು ಬೇಕೆನ್ನಿ. ಬಿಲ್ಲಿಲ್ಲದಿದ್ದರೆ ಬದಲಾಯಿಸಿಲ್ಲವೆಂದೇ ಭಾವಿಸಿ, ಅದರ ಖರ್ಚನ್ನು ಕಾರಿನ ಬೆಲೆಯೊಂದಿಗೇ ಕೂಡಿಸಿಕೊಳ್ಳಿರಿ. ಗಡುವು ಕಾರಿನಿಂದ ಕಾರಿಗೆ ಬೇರೆ. ಕೈಪಿಡಿಯ ಆ ವಾಕ್ಯವನ್ನು ಪೂರ್ಣವಿರಾಮದವರೆಗೂ ಓದಿರಿ. ದಾರಿಯಲ್ಲಿ ಇಂಜಿನ್ ಹಠಾತ್ತನೆ ನಿಂತು, ಕೀಲಿ ತಿರುಗಿಸಿದಾಗ ಹಗುರವಾಗಿ ಸುತ್ತಿದರೆ, ಎರಡನೆಯ ಬಾರಿ ತಿರುಗಿಸಬೇಡಿರಿ. ಹೆಡ್ಡು ಬಿಚ್ಚಿ ನೋಡುವ ಮೊದಲು ಹೊಸ ಇಂಜಿನ್ನಿಗೆ ಒಪ್ಪಬೇಡಿರಿ.

ಕಾರು ಈಗ ಚೆನ್ನಾಗಿ ಓಡುತ್ತಿದೆ. ಮೇಸ್ತ್ರಿಯವರು ಬಾನೆಟ್ಟಿನ ಒಳಮೈಗೆ ದಿನಾಂಕದ ಚೀಟಿ ಅಂಟಿಸಿದ್ದಾರೆ. ಮೊನ್ನೆ ಶ್ರೀಮತಿಗೆ ಅದನ್ನು ತೋರಿಸಿ, ಕೆಲವು ಇಂಜಿನ್ನುಗಳಲ್ಲಿ ಬೆಲ್ಟಿಗೆ ಬದಲು ಚೈನಿರುತ್ತದೆ, ಅದು ಬಹುಕಾಲ ಬಾಳುತ್ತದೆ ಎಂದೆ.

"ನಮ್ಮ ಕಾರಿಗೂ ಚೈನು ಹಾಕಿದೆಯಲ್ಲ ರೀ, ನನ್ನದು" ಎಂದಳು.

ಆಮೇಲೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಯುಗಾದಿಯ ಪುಟದ ಗುರುತನ್ನು ಹೊಡೆದುಹಾಕಿ, ದೀಪಾವಳಿಯ ಪುಟದಲ್ಲಿ ಹೊಸ ಗುರುತು ಹಾಕಿದಳು. ಅದರ ಕೆಳಗೆ, 'ದೀಪಾವಳಿ ಅಥವಾ ಮೇಷ್ಟ್ರ ಮೌಲ್ಯಮಾಪನದ ಹಣ, ಯಾವುದು ಮೊದಲೋ ಅದು' ಎಂದು ಬರೆದಿದ್ದಾಳೆ. ಈ ವಾಕ್ಯವನ್ನು ಮಾತ್ರ ನಾನು ದಿನವೂ ಪೂರ್ತಿಯಾಗಿ ಓದುತ್ತಿದ್ದೇನೆ.