ಅಳೆಯದೆ ಮಾಡುವ ಚಿಕಿತ್ಸೆ

ಒಂದು ಸಂಸ್ಥೆಯಲ್ಲಿ ಎರಡು ಸರ್ವರುಗಳಿವೆಯೆಂದು ಭಾವಿಸೋಣ. ಒಂದರಲ್ಲಿರುವ ಫೈಲುಗಳನ್ನು ಜಾಲದ ಮೂಲಕ ಮತ್ತೊಂದಕ್ಕೆ ಪ್ರತಿದಿನವೂ ಸಾಗಿಸಬೇಕಾಗಿದೆ. ಹತ್ತು ನಿಮಿಷಗಳಲ್ಲಿ ಮುಗಿಯಬೇಕಾದ ಈ ಕೆಲಸಕ್ಕೆ ಎರಡು ಗಂಟೆ ಹಿಡಿಯತೊಡಗಿದರೆ ಸಾಮಾನ್ಯವಾಗಿ ಏನು ನಡೆಯುತ್ತದೆ? "ಜಾಲ ನಿಧಾನವಾಗಿದೆ" ಎಂಬ ತೀರ್ಪು ಮೊದಲು ಹೊರಡುತ್ತದೆ. ಅದರ ಬೆನ್ನಿಗೇ ಹೊಸ ಸಲಕರಣೆಗಳನ್ನು ಕೊಳ್ಳುವ ಸಲಹೆ ಬರುತ್ತದೆ. ರೋಗಿಯ ನಾಡಿಯನ್ನು ಹಿಡಿದು ನೋಡದೆ ಔಷಧವನ್ನು ಬರೆದುಕೊಡುವ ವೈದ್ಯನನ್ನು ನಾವು ನಂಬುವುದಿಲ್ಲ. ಯಂತ್ರಗಳ ವಿಷಯದಲ್ಲಿ ಮಾತ್ರ ಅಂತಹ ವೈದ್ಯವನ್ನು ಒಪ್ಪಿಕೊಳ್ಳುವುದೇಕೆ? ಮೊದಲು ಅಳತೆ, ಆಮೇಲೆ ಊಹೆ, ಎಲ್ಲಕ್ಕೂ ಕೊನೆಯಲ್ಲಿ ಖರ್ಚು. ಇದೇ ಸರಿಯಾದ ಕ್ರಮವೆಂದೂ, ವಿದ್ಯಾರ್ಥಿಗಳು ಕಾಲೇಜಿನಲ್ಲಿರುವಾಗಲೇ ಇದನ್ನು ರೂಢಿಸಿಕೊಳ್ಳಬೇಕೆಂದೂ ನಮ್ಮ ಅಭಿಪ್ರಾಯ.

ಮೊದಲು ಸಂಖ್ಯೆಗಳನ್ನು ನೋಡೋಣ. ಇಂದು ಬಹಳ ಕಡೆ ಬಳಕೆಯಲ್ಲಿರುವ ಗಿಗಾಬಿಟ್ ಈಥರ್ನೆಟ್ ಜಾಲವು ಸೆಕೆಂಡಿಗೆ 100 ಕೋಟಿ ಬಿಟ್‌ಗಳನ್ನು ಸಾಗಿಸಬಲ್ಲುದು. 8 ಬಿಟ್‌ಗಳಿಗೆ 1 ಬೈಟ್ ಆದುದರಿಂದ ಇದು ಸೆಕೆಂಡಿಗೆ 125 ಮೆಗಾಬೈಟ್ ಆಯಿತು. ಪ್ರತಿಯೊಂದು ಪ್ಯಾಕೆಟ್ಟಿನ ಮೇಲೂ ಬರೆಯಬೇಕಾದ ವಿಳಾಸ ಮೊದಲಾದ ವಿವರಗಳಿಗೆ ಸ್ವಲ್ಪ ಭಾಗ ವೆಚ್ಚವಾಗಿ, ಫೈಲಿನ ಪಾಲಿಗೆ ಸುಮಾರು 110 ಮೆಗಾಬೈಟ್ ಉಳಿಯುತ್ತದೆ. ಅಳೆದಾಗ 11 ಮೆಗಾಬೈಟ್ ಮಾತ್ರ ಕಂಡುಬಂದಿತೆನ್ನಿ, ಹತ್ತರಲ್ಲೊಂದು ಪಾಲು! ಈ ಸಂಖ್ಯೆಯೇ ನಮಗೆ ದಾರಿ ತೋರಿಸುತ್ತದೆ. ತಾಮ್ರದ ಕೇಬಲ್ಲಿನೊಳಗೆ ನಾಲ್ಕು ಜೊತೆ ತಂತಿಗಳಿರುತ್ತವೆ. ಗಿಗಾಬಿಟ್ ವೇಗಕ್ಕೆ ನಾಲ್ಕು ಜೊತೆಗಳೂ ಬೇಕು. 100 ಮೆಗಾಬಿಟ್ ವೇಗಕ್ಕೆ ಎರಡು ಜೊತೆಗಳೇ ಸಾಕು. ಒಂದು ತಂತಿ ತುಂಡಾಗಿದ್ದರೆ ಅನೇಕ ಸಲಕರಣೆಗಳು ಸದ್ದಿಲ್ಲದೆ ಕೆಳಗಿನ ವೇಗಕ್ಕೆ ಇಳಿದು ಕೆಲಸವನ್ನು ಮುಂದುವರಿಸುತ್ತವೆ. ಇಲ್ಲಿ ಬೇಕಾದುದು ಹೊಸ ಸರ್ವರಲ್ಲ, ಹೊಸ ಕೇಬಲ್ಲು.

ಕೆಲವು ಸಲ ಎರಡು ತುದಿಗಳ ನಡುವಣ ಒಪ್ಪಂದವೇ ತಪ್ಪಿರುತ್ತದೆ. ಈಥರ್ನೆಟ್ಟಿನಲ್ಲಿ ಎರಡು ಪದ್ಧತಿಗಳುಂಟು. ಪೂರ್ಣ ಡ್ಯುಪ್ಲೆಕ್ಸ್ ಪದ್ಧತಿಯಲ್ಲಿ ಎರಡೂ ತುದಿಗಳು ಏಕಕಾಲದಲ್ಲಿ ಕಳುಹಿಸಬಹುದು. ಅರ್ಧ ಡ್ಯುಪ್ಲೆಕ್ಸ್ ಪದ್ಧತಿಯಲ್ಲಿ ಒಂದು ಕಳುಹಿಸುವಾಗ ಇನ್ನೊಂದು ಸುಮ್ಮನಿರಬೇಕು. 100 ಮೆಗಾಬಿಟ್ಟಿನ ಸಲಕರಣೆಗಳಲ್ಲಿ ಒಂದು ತುದಿಯನ್ನು ಕೈಯಾರೆ ಪೂರ್ಣ ಪದ್ಧತಿಗೆ ಕಟ್ಟಿಹಾಕಿ, ಮತ್ತೊಂದನ್ನು ತಾನೇ ಗೊತ್ತುಮಾಡಿಕೊಳ್ಳುವಂತೆ ಬಿಟ್ಟರೆ, ಉತ್ತರ ದೊರೆಯದ ಆ ಎರಡನೆಯ ತುದಿ ಅರ್ಧ ಪದ್ಧತಿಯನ್ನು ಹಿಡಿಯುತ್ತದೆ. ಆಗ ಪಿಂಗ್ ಎಂಬ ಪರೀಕ್ಷೆಯನ್ನು ಮಾಡಿದರೆ ಎಲ್ಲವೂ ಸರಿಯಾಗಿರುವಂತೆಯೇ ತೋರುವುದು. ಏಕೆಂದರೆ ಪಿಂಗ್ ಸಾಮಾನ್ಯವಾಗಿ ಸೆಕೆಂಡಿಗೊಂದರಂತೆ ಸಣ್ಣ ಪ್ಯಾಕೆಟ್ಟುಗಳನ್ನಷ್ಟೇ ಕಳುಹಿಸುತ್ತದೆ. ದೊಡ್ಡ ಫೈಲು ಹೊರಟಾಗ ಮಾತ್ರ ಡಿಕ್ಕಿಗಳು ಮೊದಲಾಗಿ, ಪ್ಯಾಕೆಟ್ಟುಗಳು ನಷ್ಟವಾಗಿ, ಕಳುಹಿಸಿದ್ದನ್ನೇ ಮತ್ತೆ ಮತ್ತೆ ಕಳುಹಿಸಬೇಕಾಗುತ್ತದೆ. "ಪಿಂಗ್ ಚೆನ್ನಾಗಿದೆ, ಆದುದರಿಂದ ಜಾಲವೂ ಚೆನ್ನಾಗಿದೆ" ಎಂಬ ತರ್ಕ ಇಲ್ಲಿ ನಿಲ್ಲುವುದಿಲ್ಲ.

ಜಾಲವು ನಿರ್ದೋಷವಾಗಿದ್ದರೂ ನಿಧಾನವುಂಟಾಗಬಹುದು. 1 ಗಿಗಾಬೈಟಿನ ಒಂದೇ ಫೈಲು ಗಿಗಾಬಿಟ್ ಜಾಲದಲ್ಲಿ 9 ಅಥವಾ 10 ಸೆಕೆಂಡುಗಳಲ್ಲಿ ಸಾಗಿಹೋಗುತ್ತದೆ. ಅಷ್ಟೇ ಮಾಹಿತಿ 10 ಕಿಲೋಬೈಟಿನ 1 ಲಕ್ಷ ಫೈಲುಗಳಾಗಿ ಹಂಚಿಹೋಗಿದ್ದರೆ? ಪ್ರತಿಯೊಂದು ಫೈಲನ್ನೂ ಹುಡುಕುವುದು, ತೆರೆಯುವುದು, ಬರೆಯುವುದು, ಮುಚ್ಚುವುದು ಎಂದು ಎರಡು ಯಂತ್ರಗಳ ನಡುವೆ ಹಲವು ಪ್ರಶ್ನೋತ್ತರಗಳು ನಡೆಯಬೇಕು. ಫೈಲೊಂದಕ್ಕೆ 6 ಪ್ರಶ್ನೋತ್ತರಗಳು, ಒಂದೊಂದಕ್ಕೆ ಅರ್ಧ ಮಿಲಿಸೆಕೆಂಡು ಎಂದು ಹಿಡಿದರೂ ಒಟ್ಟು 300 ಸೆಕೆಂಡು, ಎಂದರೆ 5 ನಿಮಿಷ, ಬರಿಯ ಕಾಯುವುದರಲ್ಲೇ ಕಳೆಯುತ್ತದೆ. ಒಂದು ಮೂಟೆ ಅಕ್ಕಿಯನ್ನು ಹಿಡಿಹಿಡಿಯಾಗಿ ಹೊತ್ತು ತರುವವನಿಗೆ ರಸ್ತೆಯನ್ನು ಅಗಲ ಮಾಡಿಕೊಟ್ಟರೆ ಏನು ಪ್ರಯೋಜನ? ಅವನಿಗೆ ಬೇಕಾದುದು ಚೀಲ. ಸಣ್ಣ ಫೈಲುಗಳನ್ನು ಒಂದೇ ಕಟ್ಟಾಗಿ ಕಟ್ಟಿ ಕಳುಹಿಸುವುದು ಅಂತಹ ಚೀಲ. ನಿಯಮಾವಳಿಯನ್ನು ತಿದ್ದುವುದು ಮತ್ತೊಂದು ಉಪಾಯ. ವಿಂಡೋಸ್ ಯಂತ್ರಗಳು ಫೈಲುಗಳನ್ನು ಹಂಚಿಕೊಳ್ಳಲು ಬಳಸುವ ಎಸ್‌ಎಂಬಿ ಎಂಬ ನಿಯಮಾವಳಿಯ ಮೊದಲ ಆವೃತ್ತಿಯಲ್ಲಿ ಇಂತಹ ಪ್ರಶ್ನೋತ್ತರಗಳು ಬಹಳವಾಗಿದ್ದವು. 2006ರಲ್ಲಿ ವಿಂಡೋಸ್ ವಿಸ್ತಾದೊಡನೆ ಬಂದ ಎರಡನೆಯ ಆವೃತ್ತಿಯಲ್ಲಿ, ನೂರಕ್ಕೂ ಹೆಚ್ಚಾಗಿದ್ದ ಆಜ್ಞೆಗಳನ್ನು 19ಕ್ಕೆ ಇಳಿಸಿ, ಹಲವನ್ನು ಒಟ್ಟಿಗೆ ಕಳುಹಿಸುವ ಅನುಕೂಲವನ್ನೂ ಒದಗಿಸಲಾಯಿತು.

ಅಳತೆಯಿಂದ ಎಷ್ಟು ದೊಡ್ಡ ಫಲ ದೊರೆಯಬಹುದೆಂಬುದಕ್ಕೆ ಗಣಕಜಾಲದ ಚರಿತ್ರೆಯಲ್ಲಿಯೇ ಒಂದು ನಿದರ್ಶನವಿದೆ. 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಶಾಲೆಗೂ, ಅಲ್ಲಿಂದ ಕೇವಲ 400 ಗಜ ದೂರದಲ್ಲಿರುವ ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯಕ್ಕೂ ನಡುವೆ ಮಾಹಿತಿಯ ವೇಗವು ಸೆಕೆಂಡಿಗೆ 32,000 ಬಿಟ್‌ಗಳಿಂದ 40 ಬಿಟ್‌ಗಳಿಗೆ ಕುಸಿಯಿತು. ವ್ಯಾನ್ ಜೇಕಬ್ಸನ್ ಮತ್ತು ಮೈಕೆಲ್ ಕ್ಯಾರೆಲ್ಸ್ ಇದರ ಕಾರಣವನ್ನು ಹುಡುಕಲು ತೊಡಗಿದರು. ಪ್ಯಾಕೆಟ್ಟುಗಳು ಹೊರಡುವ ಹೊತ್ತನ್ನೂ, ಅವು ತಲುಪಿದವೆಂಬ ಉತ್ತರ ಮರಳುವ ಹೊತ್ತನ್ನೂ ಅಳೆದು ನೋಡಿದಾಗ ದೋಷವು ತಂತಿಯಲ್ಲಿರದೆ ಯಂತ್ರಗಳ ನಡವಳಿಕೆಯಲ್ಲಿರುವುದು ತಿಳಿದುಬಂದಿತು. ದಾರಿ ಕಿಕ್ಕಿರಿದಾಗ ಯಂತ್ರಗಳು ತಡೆಯದೆ, ಕಳುಹಿಸಿದ್ದನ್ನೇ ಪುನಃ ಕಳುಹಿಸಿ ದಟ್ಟಣೆಯನ್ನು ಇನ್ನಷ್ಟು ಹೆಚ್ಚಿಸುತ್ತಿದ್ದವು. ಮೊದಲು ಸ್ವಲ್ಪವೇ ಕಳುಹಿಸು, ಉತ್ತರ ಬಂದಂತೆಲ್ಲ ಹೆಚ್ಚಿಸು, ನಷ್ಟ ಕಂಡೊಡನೆ ತಗ್ಗಿಸು. ಇವೇ ಅವರು ಸೂಚಿಸಿದ ಪರಿಹಾರದ ಮುಖ್ಯ ನಿಯಮಗಳು. 1988ರಲ್ಲಿ ಪ್ರಕಟವಾದ ಈ ತತ್ತ್ವವನ್ನು ಅಂತರಜಾಲವು ಇಂದಿಗೂ ಅವಲಂಬಿಸಿದೆ.

ಹಾಗಾದರೆ ವಿಚಾರಣೆಯನ್ನು ಹೇಗೆ ನಡೆಸಬೇಕು? ಸರಪಣಿಯ ಕೊಂಡಿಗಳನ್ನು ಬಿಡಿಬಿಡಿಯಾಗಿ ಪರೀಕ್ಷಿಸಬೇಕು. ಮೊದಲು ಜಾಲದ ಸಂಬಂಧವಿಲ್ಲದೆ ಎರಡೂ ಸರ್ವರುಗಳ ಡಿಸ್ಕುಗಳ ವೇಗವನ್ನು ಅಳೆಯಬೇಕು. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕಿನಲ್ಲಿ ಅರ್ಧ ಸುತ್ತಿಗೇ 4 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿಯುವುದರಿಂದ, ಚದರಿಹೋದ ಸಣ್ಣ ಫೈಲುಗಳನ್ನು ಓದಲು ಅದು ತಡವರಿಸುವುದು ಸಹಜ. ಅನಂತರ ಡಿಸ್ಕಿನ ಸಂಬಂಧವಿಲ್ಲದೆ, ಐಪರ್ಫ್‌ನಂತಹ ಸಾಧನದಿಂದ ಜಾಲವನ್ನು ಮಾತ್ರ ಅಳೆಯಬೇಕು. ಎರಡೂ ಚೆನ್ನಾಗಿದ್ದರೆ ಆಗ ನಿಯಮಾವಳಿಯ ಕಡೆಗೆ ತಿರುಗಬೇಕು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಮೊದಲಿನ ಅಳತೆಯನ್ನೂ ಆಮೇಲಿನ ಅಳತೆಯನ್ನೂ ಬರೆದಿಡಬೇಕು.

"ಇಷ್ಟೆಲ್ಲಕ್ಕೆ ಹೊತ್ತೆಲ್ಲಿದೆ? ಕೇಬಲ್ಲನ್ನು ಬದಲಾಯಿಸಿ ನೋಡುವುದೇ ಸುಲಭವಲ್ಲವೇ?" ಎಂದು ಕೆಲವರು ಕೇಳಬಹುದು. ಈ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಅಗ್ಗದ ಕೇಬಲ್ಲನ್ನು ಬದಲಾಯಿಸುವುದು ಕೂಡ ಒಂದು ಪ್ರಯೋಗವೇ. ಆದರೆ ಮುಂಚೆ ಮತ್ತು ಅನಂತರ ಅಳೆದಿದ್ದರೆ ಮಾತ್ರ. ಅಳೆಯದೆ ಐದು ವಸ್ತುಗಳನ್ನು ಒಟ್ಟಿಗೆ ಬದಲಾಯಿಸಿದವನಿಗೆ ಯಾವುದರಿಂದ ಗುಣವಾಯಿತೆಂಬುದು ತಿಳಿಯುವುದಿಲ್ಲ. ಅದೇ ತೊಂದರೆ ಮರಳಿದಾಗ ಅವನು ಪುನಃ ಐದನ್ನೂ ಕೊಳ್ಳಬೇಕು. ಆಸ್ಪತ್ರೆ, ಗ್ರಂಥಾಲಯ, ಶಾಲೆ ಮುಂತಾದ ಸಾರ್ವಜನಿಕ ಸಂಸ್ಥೆಗಳಲ್ಲಿ ಹೀಗೆ ಪೋಲಾಗುವ ಹಣ ಜನರದು.

ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಲೋಲಕದ ಆವರ್ತಕಾಲವನ್ನು ಅಳೆಯುವಾಗ ನಮ್ಮ ವಿದ್ಯಾರ್ಥಿಗಳು ಉದ್ದವನ್ನು ಮಾತ್ರ ಬದಲಾಯಿಸಿ ಉಳಿದುದನ್ನು ಸ್ಥಿರವಾಗಿಡುತ್ತಾರೆ; ಅಂಕಿಗಳನ್ನು ಕೋಷ್ಟಕದಲ್ಲಿ ಬರೆದು ನಕ್ಷೆಯನ್ನು ಎಳೆಯುತ್ತಾರೆ. ಅದೇ ಶಿಸ್ತು ಪಕ್ಕದ ಗಣಕ ಪ್ರಯೋಗಶಾಲೆಗೂ ಬರಬೇಕು. ಅಧ್ಯಾಪಕರು ಅಲ್ಲಿ ಈ ಚಿಕ್ಕ ಪ್ರಯೋಗವನ್ನು ಮಾಡಿಸಲಿ: ಒಟ್ಟು ಗಾತ್ರವನ್ನು ಸ್ಥಿರವಾಗಿಟ್ಟು, ಫೈಲುಗಳ ಸಂಖ್ಯೆಯನ್ನು 1, 100, 10,000 ಎಂದು ಹೆಚ್ಚಿಸುತ್ತ, ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗಿಸಲು ಹಿಡಿಯುವ ಹೊತ್ತನ್ನು ಬರೆದುಕೊಳ್ಳುವುದು. ಎರಡು ಯಂತ್ರಗಳು, ಒಂದು ಕೇಬಲ್ಲು, ಒಂದು ಗಡಿಯಾರ ಇದಕ್ಕೆ ಸಾಕು. ಆ ನಕ್ಷೆಯನ್ನು ತನ್ನ ಕೈಯಾರೆ ಎಳೆದ ವಿದ್ಯಾರ್ಥಿಯು ಮುಂದೆ ಯಾವ ಸಂಸ್ಥೆಗೆ ಹೋದರೂ, "ಜಾಲ ನಿಧಾನವಾಗಿದೆ" ಎಂಬ ಮಾತನ್ನು ಕೇಳಿದೊಡನೆ, "ಎಷ್ಟು ನಿಧಾನ? ಯಾವ ಭಾಗದಲ್ಲಿ?" ಎಂದು ಕೇಳದಿರಲಾರನು.